ನೆಲನೆಲ್ಲಿಯ ರಸ ಮತ್ತು ಬೆಳ್ಳಿಯ ಕಣ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ನಾಟಿವೈದ್ಯವು ಇಂದಿಗೂ ಬಳಕೆಯಲ್ಲಿರುವ ವಿದ್ಯೆ. ಕಾಡಂಚಿನ ಹಾಡಿಗಳ ಜೇನುಕುರುಬ, ಬೆಟ್ಟಕುರುಬರಲ್ಲಿ ಬೇರುನಾರುಗಳ ತಿಳಿವಳಿಕೆ ಹೆಚ್ಚು. ಕಾವೇರಿ ಬಯಲಿನ ಕೃಷ್ಣರಾಜನಗರದಲ್ಲಿ ಗದ್ದೆಯ ಬದು, ಹಿತ್ತಿಲುಗಳ ಗಿಡಗಳೇ ಮದ್ದು. ಕಾಮಾಲೆಗೆ ನೆಲನೆಲ್ಲಿ ಎಂಬ ಮಾತು ಮಾತ್ರ ಎರಡೂ ಕಡೆ ಸಾಮಾನ್ಯ.

ಈ ನೆಲನೆಲ್ಲಿ ಈಚಿನ ದಶಕಗಳಲ್ಲಿ ಪ್ರಯೋಗಾಲಯವನ್ನೂ ಸೇರಿದೆ. ಇಂಥ ಸೊಪ್ಪಿನ ಕಷಾಯವನ್ನು ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಬೆರೆಸಿದಾಗ ಅದು ಕಂದುಬಣ್ಣಕ್ಕೆ ತಿರುಗುತ್ತದೆ. ಸಸ್ಯದ ಫೀನಾಲಿಕ್ ಮೊದಲಾದ ಸಂಯುಕ್ತಗಳು ಬೆಳ್ಳಿಯ ಅಯಾನುಗಳನ್ನು ಲೋಹವಾಗಿ ಮಾರ್ಪಡಿಸಿ, 100 ನ್ಯಾನೊಮೀಟರಿಗೂ ಕಿರಿದಾದ ಕಣಗಳನ್ನು ಹುಟ್ಟಿಸುತ್ತವೆ. ಅವುಗಳಿಗೆ ಹೊದಿಕೆಯಾಗಿಯೂ ನಿಲ್ಲುತ್ತವೆ. ಕಟು ರಾಸಾಯನಿಕಗಳ ಹಂಗಿಲ್ಲದ್ದರಿಂದ ಇದನ್ನು 'ಹಸಿರು ಸಂಶ್ಲೇಷಣೆ' ಎನ್ನುತ್ತಾರೆ. ಹಸಿರೆಂಬುದು ಇಲ್ಲಿ ತಯಾರಿಕೆಯ ವಿಶೇಷಣವೇ ಹೊರತು ತಯಾರಾದ ವಸ್ತುವಿನದಲ್ಲ.

ಕಣದಿಂದ ಬಿಡುಗಡೆಯಾಗುವ ಬೆಳ್ಳಿಯ ಅಯಾನು ಜೀವಕೋಶದ ಪ್ರೋಟೀನುಗಳಲ್ಲಿನ ಗಂಧಕದ ಗುಂಪುಗಳಿಗೆ ಅಂಟಿಕೊಂಡು ಅವುಗಳ ಕೆಲಸವನ್ನು ಕೆಡಿಸುತ್ತದೆ. ರೋಗಾಣುವನ್ನು ಕೊಲ್ಲುವ ಗುಣವೇ ದೇಹದ ಕೋಶಕ್ಕೂ ತೊಡಕು. ದಕ್ಷಿಣ ಕೊರಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಲಿಗಳಿಗೆ 60 ನ್ಯಾನೊಮೀಟರಿನ ಬೆಳ್ಳಿಕಣಗಳನ್ನು 28 ದಿನ ಉಣಿಸಲಾಯಿತು. ಪ್ರತಿ ಕಿಲೋ ದೇಹತೂಕಕ್ಕೆ 300 ಮಿಲಿಗ್ರಾಂ ಮೀರಿದಾಗ ಯಕೃತ್ತಿಗೆ ಅಲ್ಪ ಹಾನಿಯ ಲಕ್ಷಣಗಳು ತೋರಿದವು. ಹೆಣ್ಣಿಲಿಗಳ ಮೂತ್ರಪಿಂಡದಲ್ಲಿ ಗಂಡಿಲಿಗಳಿಗಿಂತ ಸುಮಾರು ಎರಡು ಪಟ್ಟು ಬೆಳ್ಳಿ ಸೇರಿತ್ತು. ಅವು ಸಸ್ಯಜನ್ಯ ಕಣಗಳಲ್ಲ, ನಿಜ. ಆದರೆ ಕಾಮಾಲೆಯ ಮದ್ದೆಂದು ಹೆಸರಾದ ಗಿಡದ ಹೆಸರಿನಲ್ಲಿ, ಯಕೃತ್ತಿನಲ್ಲಿಯೇ ಹೋಗಿ ನೆಲೆಸುವ ಲೋಹವನ್ನು ಕೊಡುವುದಾದರೆ ಎಚ್ಚರ ಇಮ್ಮಡಿಯಾಗಬೇಕಷ್ಟೆ.

ಒಮ್ಮೆ ಉಣಿಸಿ 14 ದಿನ ಗಮನಿಸುವ ತೀವ್ರ ವಿಷತ್ವ ಪರೀಕ್ಷೆಯಲ್ಲಿ ಇಲಿ ಬದುಕುಳಿದರೆ ಕಣ ನಿರಪಾಯವೆನ್ನುವುದು ಆತುರದ ತೀರ್ಮಾನ. ದಿನವೂ ಸೇವಿಸಿದರೆ ಅಂಗಗಳಲ್ಲಿ ಎಷ್ಟು ಸಂಗ್ರಹವಾದೀತೆಂಬುದನ್ನು ಅದು ಹೇಳದು. ಮೇಲಾಗಿ ಮಣ್ಣು, ಋತುಗಳೊಡನೆ ಸೊಪ್ಪಿನ ಸತ್ವ ಬದಲಾಗುವುದರಿಂದ ಕಣದ ಗಾತ್ರ, ಹೊದಿಕೆಗಳೂ ಬದಲಾಗಬಲ್ಲವು. ಒಂದು ತಯಾರಿಕೆಯ ಫಲಿತಾಂಶವನ್ನು ಇನ್ನೊಂದಕ್ಕೆ ಹೊಂದಿಸಲಾಗದು.

ಸಂಶೋಧನ ಪ್ರಬಂಧಗಳ ಪೀಠಿಕೆಯಲ್ಲಿ 'ಜನಪದರು ಬಳಸುವ ಸಸ್ಯ' ಎಂಬ ವಾಕ್ಯ ಸುರಕ್ಷತೆಯ ಪ್ರಮಾಣಪತ್ರದಂತೆ ಬಂದು ಕೂರುವುದುಂಟು. ಗಿಡದ್ದಾದ್ದರಿಂದ ಅಪಾಯವಿಲ್ಲವೆಂಬುದು ನಾಟಿವೈದ್ಯದ ಮತವೇ ಅಲ್ಲ. ಅಳತೆ, ಅನುಪಾನ, ಪಥ್ಯಗಳಿಲ್ಲದೆ ಅಲ್ಲಿ ಮದ್ದಿಲ್ಲ. ಗುಲಗಂಜಿಯಂಥ ವಿಷಬೀಜವನ್ನು ಹಾಲಿನಲ್ಲಿ ಬೇಯಿಸಿ ಶುದ್ಧಿಮಾಡುವ ಕಟ್ಟಳೆ ಆಯುರ್ವೇದದಲ್ಲಿಯೂ ಇದೆ. ತಲೆಮಾರುಗಳ ಅನುಭವ ರಸಕ್ಕೆ ಸಲ್ಲುವ ಸಾಕ್ಷ್ಯ. ಕಣಕ್ಕೆ ಬೇರೆಯೇ ಸಾಕ್ಷ್ಯ ಬೇಕು. ಅದಕ್ಕಾಗಿ ಬರಿಯ ರಸ, ಬರಿಯ ಸಿಲ್ವರ್ ನೈಟ್ರೇಟ್, ರಸದಿಂದಾದ ಕಣ ಇವನ್ನು ಮೂರು ಪ್ರತ್ಯೇಕ ಗುಂಪುಗಳಿಗೆ ಕೊಟ್ಟು, ಏನನ್ನೂ ಕೊಡದ ಗುಂಪಿನೊಡನೆ 90 ದಿನಗಳ ಕಾಲ ಹೋಲಿಸಿ ನೋಡಬೇಕಾಗುತ್ತದೆ.