ಸ್ಯಾನ್ ಡಿಯಾಗೊ ಬೇಸಿಗೆ: ಕಡಲಿನ ಗುಣ ತಿಳಿದು ಹೊರಡೋಣ



ಶಾಲೆಗಳಿಗೆ ಬೇಸಿಗೆ ರಜೆ ಬಂತೆಂದರೆ ನಮ್ಮ ಸ್ಯಾನ್ ಡಿಯಾಗೊ ಮನೆಗಳಲ್ಲಿ ಮಕ್ಕಳ ಗಲಾಟೆ ಶುರು. ಅದೇ ಸಮಯಕ್ಕೆ ಊರಿನಿಂದ ಅಜ್ಜ-ಅಜ್ಜಿಯರ ಆಗಮನ. ಇಬ್ಬರದ್ದೂ ಒಂದೇ ಪ್ರಶ್ನೆ: "ಈ ಶನಿವಾರ ಎಲ್ಲಿಗೆ?" ಸಮುದ್ರ ಪಕ್ಕದಲ್ಲೇ ಇರುವ ಊರಿನಲ್ಲಿ ಉತ್ತರ ಹುಡುಕುವುದೇನೂ ಕಷ್ಟವಲ್ಲ. ಬೀಚಿಗೆ!

ಆದರೆ ನಮ್ಮಲ್ಲಿ ಬಹಳಷ್ಟು ಮಂದಿ ಬೆಂಗಳೂರು, ಮೈಸೂರು, ದಾವಣಗೆರೆ, ಹುಬ್ಬಳ್ಳಿ ಕಡೆಯವರು. ಕಡಲು ನಮಗೆ ವರ್ಷಕ್ಕೊಮ್ಮೆಯ ಪ್ರವಾಸದ ಜಾಗ, ಅಷ್ಟೇ. ಮಲ್ಪೆ, ಕಾರವಾರದಲ್ಲಿ ಬೆಳೆದವರಿಗೂ ಇಲ್ಲಿನ ಕಡಲು ಬೇರೆಯೇ. ಅಲ್ಲಿ ಮುಂಗಾರಿನ ಹೊತ್ತಿಗೆ ಕಡಲು ಉಗ್ರವಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೇ ರಜೆ. ಇಲ್ಲಿ ಅದೇ ಜೂನಿನಲ್ಲಿ ಜನ ನೀರಿಗಿಳಿಯಲು ಶುರು ಮಾಡುತ್ತಾರೆ. ಆದ್ದರಿಂದ ಈ ಬಾರಿ ಸ್ಥಳಗಳ ಪಟ್ಟಿಯನ್ನಷ್ಟೇ ಕೊಡದೆ, ಇಲ್ಲಿನ ಕಡಲು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೂ ತಿಳಿಸುತ್ತಿದ್ದೇವೆ.

ಜೂನ್ ತಿಂಗಳ ಮಬ್ಬು

ಕ್ಯಾಲಿಫೋರ್ನಿಯಾ ಎಂದರೆ ಬಿಸಿಲು ಎಂದುಕೊಂಡು ಬಂದ ಅತಿಥಿಗಳಿಗೆ ಮೇ, ಜೂನ್ ತಿಂಗಳ ಬೆಳಗು ನಿರಾಸೆ ತರುತ್ತದೆ. ಆಕಾಶವೆಲ್ಲ ಬೂದು ಬಣ್ಣ! ಇದಕ್ಕೆ 'ಜೂನ್ ಗ್ಲೂಮ್' ಎಂದು ಹೆಸರು. ಉತ್ತರದಿಂದ ಬರುವ ತಣ್ಣನೆಯ ಸಾಗರ ಪ್ರವಾಹ ನೀರಿನ ಮೇಲಿನ ಗಾಳಿಯನ್ನು ತಂಪು ಮಾಡುತ್ತದೆ. ಅದರ ಮೇಲೆ ಬೆಚ್ಚಗಿನ ಒಣ ಗಾಳಿಯ ಪದರ ಪಾತ್ರೆಗೆ ಮುಚ್ಚಳ ಹಾಕಿದಂತೆ ಕೂತಿರುತ್ತದೆ. ನಡುವೆ ಸಿಕ್ಕಿಕೊಂಡ ತೇವ ಮೋಡವಾಗುತ್ತದೆ. ಬಿಸಿಲೇರಿದಂತೆ ಈ ಮೋಡ ಸಾಮಾನ್ಯವಾಗಿ ಒಳನಾಡಿನಲ್ಲಿ ಮೊದಲು ಕರಗುತ್ತದೆ, ತೀರದಲ್ಲಿ ಕೊನೆಗೆ. ರಾಂಚೊ ಬರ್ನಾರ್ಡೊದಲ್ಲಿ ಬೆವರು ಸುರಿಸಿಕೊಂಡು ಹೊರಟವರಿಗೆ ಲಾ ಹೋಯಾದಲ್ಲಿ ಸ್ವೆಟರ್ ಬೇಕಾಗುವುದು ಇದೇ ಕಾರಣಕ್ಕೆ.

ಹೀಗಾಗಿ ಜೂನಿನಲ್ಲಿ ಬೀಚ್ ಕಾರ್ಯಕ್ರಮವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ಲೇಸು. ಮಬ್ಬಿನ ಬೆಳಗನ್ನು ಟೋರಿ ಪೈನ್ಸ್ ಅರಣ್ಯದ ನಡಿಗೆಗೆ ಬಳಸಿಕೊಳ್ಳಬಹುದು. ಅಲ್ಲಿನ ಪೈನ್ ಮರ ಸಹಜವಾಗಿ ಬೆಳೆಯುವುದು ಈ ತೀರದಲ್ಲಿ ಮತ್ತು ಸಾಂತಾ ರೋಸಾ ದ್ವೀಪದಲ್ಲಿ ಮಾತ್ರ. ಮೋಡವಿದ್ದರೂ ನೇರಳಾತೀತ ಕಿರಣಗಳು ಇಳಿದು ಬರುತ್ತವೆ, ಸನ್‌ಸ್ಕ್ರೀನ್ ಮರೆಯಬೇಡಿ. ನೀರು ಮಲ್ಪೆಯಂತೆ ಉಗುರುಬೆಚ್ಚಗಿರುವುದಿಲ್ಲ. ಆಗಸ್ಟಿನಲ್ಲೂ ಸಾಮಾನ್ಯವಾಗಿ 70 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಮಕ್ಕಳು ನಡುಗತೊಡಗಿದರೆ ಹೊರಗೆ ಕರೆತಂದು ಮೈ ಒರೆಸಿ.

ಪಂಚಾಂಗ ಹೇಳುವ ಮೀನಿನ ಕಥೆ

ಅಡುಗೆಮನೆಯ ಗೋಡೆಗೆ ಊರಿಂದ ತಂದ ಕ್ಯಾಲೆಂಡರ್ ನೇತುಹಾಕಿದ್ದೀರಾ? ಅದು ಇಲ್ಲೂ ಉಪಯೋಗಕ್ಕೆ ಬರುತ್ತದೆ! ಹುಣ್ಣಿಮೆ ಮತ್ತು ಅಮಾವಾಸ್ಯೆಯ ಹೊತ್ತಿಗೆ ಸೂರ್ಯ, ಚಂದ್ರರ ಸೆಳೆತ ಒಂದಾಗಿ ಸಮುದ್ರದ ಉಬ್ಬರ ದೊಡ್ಡದಾಗುತ್ತದೆ. ಗ್ರುನಿಯನ್ ಎಂಬ ಐದಾರು ಇಂಚಿನ ಬೆಳ್ಳಿ ಮೀನು ಇದನ್ನೇ ಕಾಯುತ್ತಿರುತ್ತದೆ. ಮಾರ್ಚ್‌ನಿಂದ ಆಗಸ್ಟ್‌ವರೆಗೆ, ಹುಣ್ಣಿಮೆ-ಅಮಾವಾಸ್ಯೆಯ ನಂತರದ ಮೂರು ನಾಲ್ಕು ರಾತ್ರಿ, ಅಂದರೆ ಪಾಡ್ಯ, ಬಿದಿಗೆ, ತದಿಗೆಯ ಆಸುಪಾಸು, ಉಬ್ಬರ ಇಳಿಯತೊಡಗಿದಾಗ ಇವು ಅಲೆಯೊಂದಿಗೆ ಮರಳಿನ ಮೇಲೆ ಬಂದು ಬೀಳುತ್ತವೆ. ಹೆಣ್ಣು ಮೀನು ಬಾಲದಿಂದ ಮರಳು ಕೊರೆದು ಮೊಟ್ಟೆಯಿಡುತ್ತದೆ. ಮುಂದಿನ ದೊಡ್ಡ ಉಬ್ಬರ ಬಂದು ಅಲುಗಿಸಿದಾಗ, ಸುಮಾರು ಎರಡು ವಾರದ ನಂತರ, ಮರಿಗಳು ಹೊರಬಂದು ಕಡಲು ಸೇರುತ್ತವೆ.

ನೋಡುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ, ನಿದ್ದೆ ಕೆಟ್ಟರಾಯಿತು. ಟಾರ್ಚ್ ಆರಿಸಿ ಸದ್ದಿಲ್ಲದೆ ಕಾಯಬೇಕು. 2022ರಿಂದ ಏಪ್ರಿಲ್, ಮೇ, ಜೂನ್ ಮೂರೂ ತಿಂಗಳು ಈ ಮೀನು ಹಿಡಿಯುವುದು ನಿಷಿದ್ಧ. ಉಳಿದ ತಿಂಗಳಲ್ಲಿ ಬರಿಗೈಯಿಂದ ಮಾತ್ರ ಹಿಡಿಯಬಹುದು, ಒಬ್ಬರಿಗೆ 30ರ ಮಿತಿ, 16 ತುಂಬಿದವರಿಗೆ ಲೈಸೆನ್ಸ್ ಬೇಕು. ಸ್ಕ್ರಿಪ್ಸ್ ಸಂಸ್ಥೆಯ ಬರ್ಚ್ ಅಕ್ವೇರಿಯಂನಲ್ಲಿ ಈ ಮೀನಿನ ಬಗ್ಗೆ ಮಕ್ಕಳಿಗೆ ತಿಳಿಸಿಕೊಡುವವರಿದ್ದಾರೆ. ಊರಿನ ಕ್ಯಾಲೆಂಡರ್ ಭಾರತದ ಸಮಯ ಹೇಳುತ್ತದೆ, ಇಲ್ಲಿಗೆ ಸುಮಾರು ಅರ್ಧ ದಿನ ವ್ಯತ್ಯಾಸ. ಉಬ್ಬರದ ಗಂಟೆಯನ್ನು ಸ್ಥಳೀಯ ಪಟ್ಟಿಯಲ್ಲೇ ನೋಡಿಕೊಳ್ಳಿ.

ಇಳಿತದ ಸಮಾಚಾರವೂ ಸ್ವಲ್ಪ ಬೇಕು. ಕ್ಯಾಬ್ರಿಯೊ ಸ್ಮಾರಕದ ಕಲ್ಲುಗುಂಡಿಗಳಲ್ಲಿ ಏಡಿ, ನಕ್ಷತ್ರಮೀನು ನೋಡಲು ಎಲ್ಲರಿಗೂ ಆಸೆ. ಆದರೆ ಇಲ್ಲಿ ಬೇಸಿಗೆಯ ಅತಿ ದೊಡ್ಡ ಇಳಿತಗಳು ಬರುವುದು ಬೆಳಗಿನ ಜಾವದಲ್ಲಿ, ಗೇಟು ತೆರೆಯುವ ಮುಂಚೆ. ಚಳಿಗಾಲದಲ್ಲಿ ಅವು ಮಧ್ಯಾಹ್ನಕ್ಕೆ ಬರುತ್ತವೆ. ಆ ಆಸೆಯನ್ನು ಡಿಸೆಂಬರ್ ರಜೆಗೆ ಎತ್ತಿಡಿ. ಬೇಸಿಗೆಯಲ್ಲಿ ಹೋದರೆ 1855ರಲ್ಲಿ ದೀಪ ಹೊತ್ತಿದ ಹಳೆಯ ಲೈಟ್‌ಹೌಸ್ ಮತ್ತು ಮೇಲಿನಿಂದ ಕಾಣುವ ಕೊಲ್ಲಿಯ ನೋಟ ಇದ್ದೇ ಇದೆ.

ನೀರಿಗಿಳಿಯುವ ಮುನ್ನ

ಎಲ್ಲರೂ ದಯವಿಟ್ಟು ಈ ಭಾಗವನ್ನು ಓದಿ, ಅಜ್ಜ-ಅಜ್ಜಿಯರಿಗೂ ಓದಿ ಹೇಳಿ.

ಅಲೆಗಳು ತೀರಕ್ಕೆ ತಂದು ಸುರಿದ ನೀರು ಹಿಂದಿರುಗಲೇಬೇಕು. ಅದು ಕಿರಿದಾದ ದಾರಿ ಹುಡುಕಿಕೊಂಡು ರಭಸವಾಗಿ ಹೊರಗೆ ಹರಿಯುತ್ತದೆ. ಇದೇ ರಿಪ್ ಕರೆಂಟ್, ನಮ್ಮ ಮಾತಿನಲ್ಲಿ ಸೆಳವು. ಮೋಸ ಇರುವುದು ಇಲ್ಲೇ. ಎರಡೂ ಕಡೆ ಅಲೆ ಒಡೆಯುತ್ತಿರುವಾಗ ನಡುವೆ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುವ ಜಾಗವೇ ಸೆಳವಿನ ಜಾಗ ಆಗಿರಬಹುದು. "ಅಲ್ಲಿ ಅಲೆ ಕಮ್ಮಿ ಇದೆ, ಮಗು ಅಲ್ಲೇ ಆಡಲಿ" ಎಂದು ನಾವು ಆರಿಸುವುದೂ ಅದೇ ಜಾಗವನ್ನೇ! ಅತಿ ಬಿರುಸಾದ ಸೆಳವು ಸೆಕೆಂಡಿಗೆ 8 ಅಡಿ ವೇಗದಲ್ಲಿ ಹರಿಯಬಲ್ಲದು. ಒಲಿಂಪಿಕ್ ಈಜುಗಾರರೂ ಅದನ್ನು ಎದುರಿಸಿ ಈಜಲಾರರು.

ಸೆಳವು ಹೊರಗೆ ಎಳೆಯುತ್ತದೆಯೇ ಹೊರತು ತಳಕ್ಕೆ ಎಳೆಯುವುದಿಲ್ಲ. ಅದಕ್ಕೆ ಎದುರಾಗಿ ಈಜಿ ಸುಸ್ತಾಗುವುದರಿಂದಲೇ ಪ್ರಾಣ ಹೋಗುವುದು. ಸಿಕ್ಕಿಕೊಂಡರೆ ತೇಲಿಕೊಂಡು ಕೈ ಎತ್ತಿ ಕೂಗಿ. ಈಜು ಬಂದರೆ ತೀರಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳವು ಬಿಟ್ಟ ಮೇಲೆ ಓರೆಯಾಗಿ ದಡದ ಕಡೆ ಬನ್ನಿ. ಬೇರೆಯವರು ಸಿಕ್ಕಿಕೊಂಡಿದ್ದು ಕಂಡರೆ ಹಿಂದೆಯೇ ಹಾರಬೇಡಿ, ಹಾಗೆ ಹಾರಿದವರು ಮುಳುಗಿದ ಪ್ರಸಂಗಗಳು ಬಹಳ. ಲೈಫ್‌ಗಾರ್ಡನ್ನು ಕೂಗಿ, 911ಕ್ಕೆ ಫೋನ್ ಮಾಡಿ, ತೇಲುವಂಥದ್ದು ಏನಾದರೂ ಎಸೆಯಿರಿ.

ಎಲ್ಲಕ್ಕಿಂತ ಸುಲಭದ ಉಪಾಯವೆಂದರೆ ಲೈಫ್‌ಗಾರ್ಡ್ ಗೋಪುರದ ಎದುರಿಗೇ ಚಾಪೆ ಹಾಸುವುದು. ಅಮೆರಿಕದ ಲೈಫ್‌ಗಾರ್ಡ್‌ಗಳ ರಾಷ್ಟ್ರೀಯ ಸಂಘದ ಲೆಕ್ಕದಂತೆ ಅವರ ಕಾವಲಿರುವ ಬೀಚಿನಲ್ಲಿ ಮುಳುಗಿ ಸಾಯುವ ಸಂಭವ 1 ಕೋಟಿ 80 ಲಕ್ಷದಲ್ಲಿ ಒಂದು. ಇಳಿಯುವ ಮುಂಚೆ "ಇವತ್ತು ನೀರು ಹೇಗಿದೆ?" ಎಂದು ಅವರನ್ನೇ ಕೇಳಿ.

ನಮ್ಮ ಪಿಕ್ನಿಕ್‌ಗಳ ಬಗ್ಗೆ ಒಂದು ಮಾತು. ಹತ್ತು ಸಂಸಾರ ಸೇರಿದಾಗ ಇಪ್ಪತ್ತು ಮಂದಿ ದೊಡ್ಡವರು ಇರುತ್ತಾರೆ. ಯಾರೋ ಮಕ್ಕಳನ್ನು ನೋಡುತ್ತಿದ್ದಾರೆ ಎಂದು ಪ್ರತಿಯೊಬ್ಬರೂ ಅಂದುಕೊಂಡರೆ ಕೊನೆಗೆ ನೋಡುವವರೇ ಇರುವುದಿಲ್ಲ. ಪುಳಿಯೋಗರೆ ಬಡಿಸುವುದಕ್ಕೆ, ಅಂತ್ಯಾಕ್ಷರಿ ನಡೆಸುವುದಕ್ಕೆ ಹೆಸರು ಬರೆದಂತೆ, ನೀರಿನ ಬಳಿ ಕಾವಲಿಗೂ ಹೆಸರು ಬರೆಯೋಣ. ಇಬ್ಬಿಬ್ಬರಂತೆ ಇಪ್ಪತ್ತು ನಿಮಿಷದ ಪಾಳಿ. ಆ ಹೊತ್ತು ಫೋನೂ ಇಲ್ಲ, ಹರಟೆಯೂ ಇಲ್ಲ. ಸೀರೆ, ಪಂಚೆಯಲ್ಲಿ ಕಾಲು ನೆನೆಸುವ ಹಿರಿಯರ ಪಕ್ಕದಲ್ಲೂ ಒಬ್ಬರು ಇರಲಿ. ನೆನೆದ ಸೀರೆಯ ಭಾರಕ್ಕೆ ಮೊಣಕಾಲುದ್ದದ ನೀರಿನಲ್ಲೂ ಆಯ ತಪ್ಪುತ್ತದೆ. ಫೋಟೋಗಾಗಿ ಕಡಲಿಗೆ ಬೆನ್ನು ಹಾಕಿ ನಿಲ್ಲುವುದು ಬೇಡ.

ನೀರಿನ ನೆಂಟರು

ಬೇಸಿಗೆಯಲ್ಲಿ ಸ್ಟಿಂಗ್‌ರೇ ಮೀನುಗಳು ಆಳವಿಲ್ಲದ ಜಾಗದಲ್ಲಿ ಮರಳು ಹೊದ್ದು ಮಲಗಿರುತ್ತವೆ. ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಕಾಲೆತ್ತಿ ಹೆಜ್ಜೆ ಇಡದೆ ಮರಳಿನಲ್ಲಿ ಎಳೆಯುತ್ತಾ ನಡೆದರೆ ಅವೇ ಸರಿದು ಹೋಗುತ್ತವೆ. ಚುಚ್ಚಿದರೆ ಲೈಫ್‌ಗಾರ್ಡ್ ಹತ್ತಿರ ಹೋಗಿ. ಸುಡದಷ್ಟು, ಆದರೆ ತಡೆಯುವಷ್ಟು ಬಿಸಿ ನೀರಿನಲ್ಲಿ ಕಾಲಿಟ್ಟು ಕೂರಿಸುತ್ತಾರೆ, ನೋವು ಇಳಿಯುತ್ತದೆ. ಲಾ ಹೋಯಾ ಶೋರ್ಸ್‌ನಲ್ಲಿ ಕಾಣುವ ಲೆಪರ್ಡ್ ಶಾರ್ಕ್‌ಗಳಿಗೆ ಹೆದರಬೇಕಾಗಿಲ್ಲ. ಹೆಚ್ಚಿನವು ಬಸುರಿ ಹೆಣ್ಣುಗಳು, ಬೆಚ್ಚಗಿನ ನೀರು ಹುಡುಕಿ ಬಂದಿರುತ್ತವೆ, ತವರಿಗೆ ಬಂದಂತೆ! ಸೀ ಲಯನ್ ಮತ್ತು ಸೀಲ್‌ಗಳನ್ನು ಮಾತ್ರ ದೂರದಿಂದ ನೋಡಿ. ಮರಿಯ ಜೊತೆ ಸೆಲ್ಫಿ ತೆಗೆಯಲು ಹೋದರೆ ಕಚ್ಚಿಸಿಕೊಳ್ಳಬೇಕಾದೀತು.

ನೀರು ಶುದ್ಧವಾಗಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಟಿಜುವಾನಾ ನದಿಯ ಕೊಳಚೆಯಿಂದಾಗಿ ದಕ್ಷಿಣದ ಇಂಪೀರಿಯಲ್ ಬೀಚಿನ ಕಡಲಂಚು 2021ರ ಕೊನೆಯಿಂದ ಸಾವಿರಕ್ಕೂ ಹೆಚ್ಚು ದಿನ ಮುಚ್ಚಿತ್ತು. ಕೌಂಟಿಯವರು ಪ್ರತಿ ಬೀಚಿನ ಸ್ಥಿತಿ ಪ್ರಕಟಿಸುತ್ತಾರೆ, ಹೊರಡುವ ದಿನ ಒಮ್ಮೆ ಕಣ್ಣಾಡಿಸಿ.

ಹಿರಿಯರಿಗೂ ಕಿರಿಯರಿಗೂ

ಅಲೆಗಳ ಗೊಡವೆ ಬೇಡ ಎನ್ನುವವರಿಗೆ ಮಿಷನ್ ಬೇ ಹೇಳಿ ಮಾಡಿಸಿದಂತಿದೆ. ಜೌಗು ಪ್ರದೇಶವನ್ನು ಅಗೆದು ಮಾಡಿದ 4,200 ಎಕರೆಯ ಈ ಪಾರ್ಕಿನಲ್ಲಿ ನೀರು ಕೆರೆಯಂತೆ ಶಾಂತ. ಹುಲ್ಲುಹಾಸು, ಸಮತಟ್ಟಾದ ಕಾಲುದಾರಿ, ಆಟದ ಜಾಗ ಎಲ್ಲವೂ ಇವೆ. ಮಂಡಿನೋವಿನ ಅಜ್ಜಿಗೂ ಮರಳಿನ ಮೇಲೆ ಹೋಗಿ ಕಡಲು ನೋಡುವ ಆಸೆಯೇ? ಮಿಷನ್ ಬೀಚಿನಲ್ಲಿ ಅಗಲ ಚಕ್ರದ ಬೀಚ್ ವೀಲ್‌ಚೇರನ್ನು ನಗರದವರು ಉಚಿತವಾಗಿ ಕೊಡುತ್ತಾರೆ.

ಬಿಸಿಲು ಜಾಸ್ತಿಯಾದರೆ ಬಾಲ್ಬೋವಾ ಪಾರ್ಕಿನ ನೆರಳಿದೆ. 1915ರ ವಸ್ತುಪ್ರದರ್ಶನಕ್ಕೆಂದು ಕಟ್ಟಿದ ಬಯಲು ಆರ್ಗನ್ ಮಂಟಪದಲ್ಲಿ ಭಾನುವಾರ ಮಧ್ಯಾಹ್ನ 2ಕ್ಕೆ ಉಚಿತ ಕಚೇರಿ ಇರುತ್ತದೆ. ಪಕ್ಕದಲ್ಲೇ ನಾನಾ ದೇಶಗಳ ಪುಟ್ಟ ಮನೆಗಳು, ಭಾರತದ್ದೂ ಸೇರಿದಂತೆ.

ಜಾತ್ರೆ ಮತ್ತು ಬಾಣಬಿರುಸು

ಜೂನಿನಿಂದ ಜುಲೈ ಮೊದಲ ವಾರದವರೆಗೆ ಡೆಲ್ ಮಾರ್‌ನಲ್ಲಿ ಕೌಂಟಿ ಫೇರ್. 1880ರಲ್ಲಿ ಶುರುವಾಗಿ, 1936ರಿಂದ ಡೆಲ್ ಮಾರ್‌ನಲ್ಲಿ ನಡೆಯುತ್ತಿರುವ ಈ ಜಾತ್ರೆಯಲ್ಲಿ ತಿರುಗು ತೊಟ್ಟಿಲಿನಿಂದ ಹಿಡಿದು ಮಕ್ಕಳು ಸಾಕಿದ ಆಡು, ಹಂದಿಗಳ ಪ್ರದರ್ಶನದವರೆಗೆ ಎಲ್ಲವೂ ಉಂಟು. ವಾರದಲ್ಲಿ ರಜೆಯ ದಿನಗಳಿರುತ್ತವೆ, ನೋಡಿಕೊಂಡು ಹೊರಡಿ.

ಜುಲೈ 4ರ ಬಾಣಬಿರುಸು ನೋಡಲು ಕೊಲ್ಲಿಯ ಸುತ್ತ ಜನಸಾಗರ ಸೇರುತ್ತದೆ. 2012ರಲ್ಲಿ ಕಂಪ್ಯೂಟರ್ ಫೈಲಿನ ದೋಷದಿಂದ ಕಾಲು ಗಂಟೆಗೂ ಹೆಚ್ಚು ನಡೆಯಬೇಕಿದ್ದ ಪ್ರದರ್ಶನವೆಲ್ಲ ಅರ್ಧ ನಿಮಿಷದೊಳಗೆ ಒಟ್ಟಿಗೇ ಸಿಡಿದು ಮುಗಿದೇ ಹೋಯಿತು. ಟೆಸ್ಟಿಂಗ್ ಯಾಕೆ ಬೇಕು ಎಂದು ಕೇಳುವ ಮ್ಯಾನೇಜರುಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು! ಕಾಮಿಕ್ಸ್ ಹುಚ್ಚಿನ ಮಕ್ಕಳಿಗೆ ಜುಲೈನಲ್ಲಿ ಕಾಮಿಕ್-ಕಾನ್ ಇದೆ. ಟಿಕೆಟ್ ಸಿಗದಿದ್ದರೂ ಹೊರಗಿನ ವೇಷಗಳನ್ನು ನೋಡುವುದೇ ಒಂದು ಹಬ್ಬ. ಇಂಥ ದಿನಗಳಲ್ಲಿ ಕಾರಿಗಿಂತ ಟ್ರಾಲಿ ವಾಸಿ. 2021ರ ನವೆಂಬರಿನಿಂದ ಬ್ಲೂ ಲೈನ್ ಯೂಟಿಸಿವರೆಗೆ ಬರುತ್ತಿದೆ.

ಬುತ್ತಿ ಕಟ್ಟುವಾಗ ಗಾಜಿನ ಬಾಟಲಿ ಬೇಡ, ನಗರದ ಬೀಚುಗಳಲ್ಲಿ ಗಾಜಿಗೂ ಮದ್ಯಕ್ಕೂ ನಿಷೇಧವಿದೆ. ಮೊಸರನ್ನ, ಚಿತ್ರಾನ್ನದ ಡಬ್ಬಿ ಮುಚ್ಚಿಡಿ, ಸೀಗಲ್ ಹಕ್ಕಿಗಳಿಗೂ ಅದರ ರುಚಿ ಗೊತ್ತು!

ಮುಂದಿನ ಪಿಕ್ನಿಕ್‌ಗೆ ಹೆಸರು ಕೊಡುವಾಗ ಕಾವಲು ಪಾಳಿಗೂ ಒಂದು ಹೆಸರು ಕೊಡಿ. ಎಲ್ಲರೂ ಹೋಗೋಣ, ಎಲ್ಲರೂ ಕ್ಷೇಮವಾಗಿ ಮನೆಗೆ ಬರೋಣ. ಬೇಸಿಗೆಯ ಶುಭಾಶಯಗಳು.