ಕಾಲೇಜು ಫುಟ್‌ಬಾಲ್: ಅಂದು – ಇಂದು

ದೇಲಂಪಾಡಿಯ ಕೊಯ್ಲಾದ ಗದ್ದೆಗಳಲ್ಲಿ ಬರಿಗಾಲಿನಲ್ಲಿ ಆಡುತ್ತಿದ್ದ ನಾನು ಬೂಟು ತೊಟ್ಟದ್ದು ಕಾಸರಗೋಡಿನಲ್ಲಿ ಕಾಲೇಜು ಸೇರಿದ ಮೇಲೆ. 1971ರಲ್ಲಿ ಅಂತರ ವಿಶ್ವವಿದ್ಯಾನಿಲಯ ಪ್ರಶಸ್ತಿ ಗೆದ್ದ ಕಲ್ಲಿಕೋಟೆ ತಂಡವೇ ಅಂದು ನಮಗೆ ಆದರ್ಶ. ಆಯ್ಕೆಗಾಗಿ ಅಷ್ಟು ದೂರ ಹೋಗಬೇಕಿತ್ತು. 1996ರಲ್ಲಿ ಕಣ್ಣೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ದಾರಿ ಹತ್ತಿರವಾಯಿತು.

ಆಟವೂ ಬದಲಾಯಿತು. ಸಂಗಡಿಗನು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರನು ಕೈಯಲ್ಲಿ ಹಿಡಿಯಬಾರದೆಂಬ ನಿಯಮ 1992ರಲ್ಲಿ ಬಂದಿತು. ಕಾಲಹರಣ ತಗ್ಗಿತು, ಗೋಲ್‌ಕೀಪರನೂ ಕಾಲ್ಚಳಕ ಕಲಿಯಬೇಕಾಯಿತು.

ಆದರೆ ನಾವು ಆಡಿದ ಗದ್ದೆಗಳು ಇಂದು ಅಡಿಕೆ ತೋಟಗಳಾಗಿವೆ. ನಾಳಿನ ಕಾಲೇಜು ಆಟಗಾರರಿಗೆ ಉಳಿದಿರುವುದು ಶಾಲೆಯ ಆಟದ ಬಯಲೊಂದೇ. ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಅದನ್ನು ಕಾಪಾಡುವ ಸಂಕಲ್ಪ ಹಳೆ ವಿದ್ಯಾರ್ಥಿಗಳಾದ ನಮ್ಮೆಲ್ಲರದಾಗಲಿ.