ಬಾಡಿಗೆ ಕಾರಿನ ಕೀ ತೆಗೆದುಕೊಳ್ಳುವ ಮುನ್ನ

ಗಲ್ಫ್‌ನಿಂದ ರಜೆಗೆ ಬಂದವರ ಮನೆಯಲ್ಲಿ ಎರಡು ದಿನ ಕಳೆಯುವಷ್ಟರಲ್ಲಿ ಈ ಮಾತು ಬಂದೇ ಬರುತ್ತದೆ: "ಒಂದು ಕಾರು ಬೇಕಲ್ಲ ಮಾರಾಯ." ತಂಗಿಯ ಮದುವೆ ಉಂಟು, ಉಮ್ಮನನ್ನು ದೇರಳಕಟ್ಟೆಯ ಆಸ್ಪತ್ರೆಗೆ ತೋರಿಸಲಿಕ್ಕುಂಟು, ಹೆಂಡತಿಯ ಮನೆ ಕಾಸರಗೋಡಿನಲ್ಲಿ. ನಲವತ್ತು ದಿನಕ್ಕೆಂದು ಕಾರು ಕೊಳ್ಳಲು ಯಾರಿಂದಾದೀತು? ಪರಿಚಯದವರಿಗೆ ಫೋನ್ ಹೋಗುತ್ತದೆ, ದಿನಕ್ಕಿಷ್ಟು ಎಂದು ಮಾತಾಗುತ್ತದೆ, ಹಣ ಮೊಬೈಲ್‌ನಲ್ಲೇ ಪಾವತಿಯಾಗುತ್ತದೆ. ಸಂಜೆಗೆ ಬಿಳಿ ಬೋರ್ಡಿನ ಕಾರು ಅಂಗಳದಲ್ಲಿ. ಕೀ ಕೊಡುವವರು ಕೊನೆಗೆ ಹೇಳುವುದು ಇಷ್ಟೆ: "ದಾರಿಯಲ್ಲಿ ಪೊಲೀಸರು ನಿಲ್ಲಿಸಿದರೆ ಫ್ರೆಂಡಿನ ಕಾರು ಅಂತ ಹೇಳಿ, ಸಾಕು."

ಸಾಕಾಗುವುದಿಲ್ಲ ಎಂಬುದೇ ಈ ಲೇಖನದ ವಿಷಯ.

ಬೋರ್ಡಿನ ಬಣ್ಣ ನೋಡಿ

ನಾವೇ ಓಡಿಸಲು ಬಾಡಿಗೆಗೆ ಕೊಡುವ ಕಾರಿಗೆ ಕಾನೂನಿನಲ್ಲಿ ಬೇರೆಯೇ ಗುರುತುಂಟು. ಅದರ ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ. ಬಿಳಿ ಬೋರ್ಡಿನ ಕಾರು ಸ್ವಂತ ಉಪಯೋಗಕ್ಕೆ ಮಾತ್ರ. ಭಾವನ ಕಾರನ್ನು ಭಾವನೇ ಸುಮ್ಮನೆ ಕೊಟ್ಟರೆ ತೊಂದರೆ ಇಲ್ಲ. ದಿನಕ್ಕಿಷ್ಟು ಎಂದು ಹಣ ಕೈ ಬದಲಾದ ಕೂಡಲೇ ಅದು ಬಾಡಿಗೆ ವ್ಯವಹಾರವಾಗುತ್ತದೆ, ಪರ್ಮಿಟ್ ಬೇಕಾಗುತ್ತದೆ. ಮೋಟಾರು ವಾಹನ ಕಾಯ್ದೆಯ 192ಎ ಸೆಕ್ಷನ್ ಪ್ರಕಾರ ಪರ್ಮಿಟ್ ಇಲ್ಲದೆ ಹೀಗೆ ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, 6 ತಿಂಗಳವರೆಗೆ ಸಜೆಗೂ ಅವಕಾಶವಿದೆ. ಈ ಸೆಕ್ಷನ್ ಕಾರು ಕೊಟ್ಟವರನ್ನು ಮಾತ್ರವಲ್ಲ, ಓಡಿಸಿದವರನ್ನೂ ಹಿಡಿಯುತ್ತದೆ. 207ನೇ ಸೆಕ್ಷನ್‌ನಡಿ ಗಾಡಿಯನ್ನೇ ತಡೆದಿಡಬಹುದು. ಮದುವೆ ದಿಬ್ಬಣದ ಹೊತ್ತಿಗೆ ಕಾರು ಠಾಣೆಯ ಅಂಗಳದಲ್ಲಿದ್ದರೆ ಏನು ಗತಿ?

ಅಪಘಾತವಾದರೆ ಯಾರು ಕೊಡುವುದು?

ದಂಡ ಒಂದು ದಿನದ ತಲೆನೋವು. ಅಪಘಾತ ಹಾಗಲ್ಲ. ಖಾಸಗಿ ಕಾರಿನ ವಿಮಾ ಪಾಲಿಸಿಯಲ್ಲಿ 'ಬಾಡಿಗೆಗೆ ಬಳಸುವಂತಿಲ್ಲ' ಎಂಬ ಷರತ್ತಿರುತ್ತದೆ. ಆ ಷರತ್ತು ಮುರಿದಿದೆ ಎಂದು ವಾದಿಸಲು ಕಾಯ್ದೆಯ 150ನೇ ಸೆಕ್ಷನ್ ವಿಮಾ ಕಂಪೆನಿಗೆ ಅವಕಾಶ ಕೊಡುತ್ತದೆ. ಆಗ ಕಾರಿನ ರಿಪೇರಿ ಹಣ ಸಿಗುವುದು ಕಷ್ಟ. ಗಾಯಗೊಂಡವರಿಗೆ ಅಥವಾ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಕಂಪೆನಿ ಮೊದಲು ಕೊಟ್ಟು, ಆಮೇಲೆ ಕಾರಿನ ಮಾಲಕರಿಂದ ವಸೂಲು ಮಾಡಬಹುದು. ಕೆಲವೊಮ್ಮೆ ಕಂಪೆನಿ ಪೂರ್ತಿ ಹೊಣೆಯಿಂದ ಪಾರಾಗಲೂಬಹುದು. ಅಜಾಗರೂಕತೆಯಿಂದ ಓಡಿಸಿದವನಂತೂ ಪರಿಹಾರಕ್ಕೆ ಹೊಣೆಗಾರನೇ. ಲಕ್ಷಗಳ ಮೊತ್ತ ಎಂದರೆ ಹತ್ತು ವರ್ಷ ಮರುಭೂಮಿಯಲ್ಲಿ ದುಡಿದು ಕಟ್ಟಿದ ಮನೆಯ ಮಾತು.

"ಫ್ರೆಂಡಿನ ಕಾರು" ಎಂಬ ಮಾತು ಇಲ್ಲಿ ತಿರುಗಿ ಕಚ್ಚುತ್ತದೆ. ವಿಮಾ ಕಂಪೆನಿಯವರು ತನಿಖೆಗೆ ಬಂದಾಗ ಹಣ ಪಾವತಿಯ ದಾಖಲೆ, ವಾಟ್ಸ್‌ಆ್ಯಪ್ ಮಾತುಕತೆ ಎಲ್ಲ ಹೊರಗೆ ಬರುತ್ತದೆ. ಮೊದಲು ಹೇಳಿದ ಸುಳ್ಳು ಆಮೇಲೆ ಹೇಳುವ ನಿಜವನ್ನೂ ಯಾರೂ ನಂಬದ ಹಾಗೆ ಮಾಡುತ್ತದೆ.

ಅಜಾಗರೂಕತೆಯಿಂದ ಒಂದು ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಜೈಲು. ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ನವೀಕರಣಕ್ಕೆ ಕೋರ್ಟಿನ ಅನುಮತಿ ಬೇಕಾಗುತ್ತದೆ, ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೂ ತೊಡಕು. ಇಲ್ಲಿನ ರಸ್ತೆಯಲ್ಲಿ ಆದ ತಪ್ಪಿಗೆ ಅಲ್ಲಿನ ಕೆಲಸ ಹೋಗುವುದು ಹೀಗೆ.

ಲೈಸನ್ಸ್ ಉಂಟಾ?

"ದುಬೈ ಲೈಸನ್ಸ್ ಉಂಟಲ್ಲ" ಎನ್ನುವವರು ಬಹಳ. ಊರಿಗೆ ಬಂದ ಭಾರತೀಯನಿಗೆ ಅದೊಂದೇ ಇಲ್ಲಿ ನಡೆಯುವುದಿಲ್ಲ. ನಮ್ಮದೇ ಲೈಸನ್ಸ್ ಪರ್ಸಿನಲ್ಲಿದ್ದರೂ ಅವಧಿ ಮುಗಿದಿರಬಹುದು, ತೆಗೆದು ನೋಡಿ. ಮೊದಲು ಅವಧಿ ಮುಗಿದ ಮೇಲೂ 30 ದಿನದ ರಿಯಾಯಿತಿ ಇತ್ತು. 2019ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಅವಧಿ ಮುಗಿದು ಒಂದು ವರ್ಷ ದಾಟಿದರೆ ಆರ್‌ಟಿಒದಲ್ಲಿ ಪುನಃ ಡ್ರೈವಿಂಗ್ ಪರೀಕ್ಷೆ ಕೊಡಬೇಕು. ಲೈಸನ್ಸ್ ಇಲ್ಲದೆ ಓಡಿಸಿದರೆ ಕೇಂದ್ರ ಕಾಯ್ದೆಯಲ್ಲಿ 5,000 ರೂಪಾಯಿ ದಂಡ, ಓಡಿಸಲು ಬಿಟ್ಟ ಮಾಲಕನಿಗೂ ಅಷ್ಟೇ. ಸ್ಥಳದಲ್ಲೇ ಕಟ್ಟುವ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆ.

"ಒಂದು ರೌಂಡ್ ಹೊಡೆದು ಬರ್ತೇನೆ" ಎಂದು 16ರ ಹುಡುಗ ಕೀ ಕೇಳಿದರೆ ಕೊಡಲೇಬೇಡಿ. 199ಎ ಸೆಕ್ಷನ್‌ನಲ್ಲಿ ಪೋಷಕರಿಗೋ ಗಾಡಿಯ ಮಾಲಕರಿಗೋ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸನ್ಸ್ ಇಲ್ಲ.

ಹಿಂದಿನ ಸೀಟಿನ ಬ್ಯಾಗು

ನಮ್ಮ ಮಕ್ಕಳ ಬಗ್ಗೆ ಹೇಳಲೇಬೇಕಾದ ಮಾತೊಂದಿದೆ. ತಲಪಾಡಿ, ತೊಕ್ಕೊಟ್ಟು, ಪಂಪ್‌ವೆಲ್ ಕಡೆ ರಾತ್ರಿ ತಪಾಸಣೆಯಲ್ಲಿ ಪೊಲೀಸರು ಹುಡುಕುವುದು ಕಾಗದಪತ್ರವನ್ನು ಮಾತ್ರವಲ್ಲ. ಜೊತೆಗೆ ಬಂದವನ ಬ್ಯಾಗಿನಲ್ಲಿ ಎಂಡಿಎಂಎ ಸಿಕ್ಕಿದರೆ ಸ್ಟಿಯರಿಂಗ್ ಹಿಡಿದವನೂ ಆರೋಪಿಯಾಗಬಹುದು. "ನನಗೆ ಗೊತ್ತಿರಲಿಲ್ಲ" ಎಂದು ತೋರಿಸುವ ಭಾರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಬಹುಮಟ್ಟಿಗೆ ಆರೋಪಿಯ ಮೇಲೆಯೇ ಬೀಳುತ್ತದೆ. ಎಂಡಿಎಂಎಗೆ 10 ಗ್ರಾಮ್ ದಾಟಿದರೆ ವಾಣಿಜ್ಯ ಪ್ರಮಾಣ. ಅದಕ್ಕೆ ಶಿಕ್ಷೆ ಕನಿಷ್ಠ 10 ವರ್ಷ, ಜಾಮೀನು ಸಿಗುವುದೂ ಬಹಳ ಕಷ್ಟ. ಕಾರು ಮುಟ್ಟುಗೋಲಾಗದಿರಬೇಕಾದರೆ ತನಗೆ ತಿಳಿಯದೆ ನಡೆದದ್ದು, ತಾನು ಎಚ್ಚರಿಕೆ ವಹಿಸಿದ್ದೆ ಎಂದು ಮಾಲಕ ಸಾಬೀತು ಮಾಡಬೇಕು.

ಇನ್ನೂ ಒಂದು. ಗೆಳೆಯನಿಗಾಗಿ ನಿಮ್ಮ ಆಧಾರ್, ನಿಮ್ಮ ಲೈಸನ್ಸ್ ಕೊಟ್ಟು ಕಾರು ಮಾಡಿಕೊಡಬೇಡಿ. ಓಡಿಸಿದವರು ಯಾರೆಂದು ಪೊಲೀಸರು ಕೇಳಿದಾಗ ಮಾಲಕ ಹೇಳಲೇಬೇಕು, 133ನೇ ಸೆಕ್ಷನ್ ಹಾಗೆ ಹೇಳುತ್ತದೆ. ಅವನಲ್ಲಿರುವುದು ನಿಮ್ಮ ಹೆಸರು. ಕ್ಯಾಮೆರಾಕ್ಕೆ ಬಿದ್ದ ಅತಿವೇಗದ ನೋಟಿಸಾದರೂ, ಅದಕ್ಕಿಂತ ದೊಡ್ಡದಾದರೂ ಮೊದಲು ಬಾಗಿಲು ತಟ್ಟುವುದು ನಿಮ್ಮ ಮನೆಯದ್ದು.

ಪೊಲೀಸರು ಕೈ ತೋರಿಸಿದಾಗ

ಗಾಡಿಯನ್ನು ಬದಿಗೆ ಹಾಕಿ, ಓಡಿಸಿಕೊಂಡು ಹೋಗುವ ಯೋಚನೆ ಬೇಡ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಲೈಸನ್ಸ್ ತೋರಿಸಲೇಬೇಕು. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿರುವ ಲೈಸನ್ಸ್, ಆರ್‌ಸಿಗೆ ಕಾನೂನಿನ ಮಾನ್ಯತೆ ಇದೆ. ಬಾಡಿಗೆ ಕಾರಾದರೆ ಬಾಡಿಗೆ ಎಂದೇ ಹೇಳಿ, ಒಪ್ಪಂದದ ಕಾಗದ ತೋರಿಸಿ. ದಂಡ ಕಟ್ಟಿದರೆ ರಶೀದಿ ಕೇಳಿ ತೆಗೆದುಕೊಳ್ಳಿ. ಲೈಸನ್ಸ್ ವಶಪಡಿಸಿಕೊಂಡರೆ ಅದಕ್ಕೂ ಸ್ವೀಕೃತಿ ಪತ್ರ ಕೊಡಬೇಕು. ಕೇಸಿನಲ್ಲಿ ಕಾರು ಜಪ್ತಿಯಾದರೆ ಅದನ್ನು ಬಿಡಿಸಲು ಮಾಲಕರು ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು. ವಾಹನಗಳನ್ನು ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಯಲು ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ.

ಕಾರು ತೆಗೆದುಕೊಳ್ಳುವಾಗ ಆರ್‌ಸಿ, ವಿಮೆ, ಪರ್ಮಿಟ್, ಹೊಗೆ ತಪಾಸಣೆ ಪತ್ರದ ದಿನಾಂಕ ನೋಡಿ. ಡಿಕ್ಕಿ ತೆರೆದು ನೋಡಿ. ಸೀಟಿನಡಿಯೂ ಕೈ ಹಾಕಿ ನೋಡಿ. ಕಾರಿನ ಸುತ್ತ ಒಂದು ವೀಡಿಯೋ ಮಾಡಿಟ್ಟುಕೊಳ್ಳಿ. ಕೊಟ್ಟ ಗಂಟೆ, ಮರಳಿಸಿದ ಗಂಟೆ ಬರೆಸಿಕೊಳ್ಳಿ. ಪಾಸ್‌ಪೋರ್ಟನ್ನು ಮಾತ್ರ ಅಡ ಇಡಬೇಡಿ. ಅದು ಭಾರತ ಸರಕಾರದ ಸ್ವತ್ತು, ನಾವು ಒತ್ತೆಯಿಡುವ ವಸ್ತುವಲ್ಲ.

ದುಬೈಯಲ್ಲಿ ಬಾಡಿಗೆ ಕಾರು ತೆಗೆದುಕೊಳ್ಳುವಾಗ ನಮ್ಮವರೇ ಎಷ್ಟು ಜಾಗ್ರತೆ ಮಾಡುತ್ತಾರೆ ನೋಡಿ. ಕಾಗದ ಓದುತ್ತಾರೆ, ಗೀರಿನ ಫೋಟೋ ತೆಗೆಯುತ್ತಾರೆ, ದಂಡ ಬಿದ್ದರೆ ಡಿಪಾಸಿಟ್‌ನಿಂದ ಹೋಗುತ್ತದೆಂದು ವೇಗ ಕಡಿಮೆ ಮಾಡುತ್ತಾರೆ. ಕೆಂಜಾರಿನಲ್ಲಿ ವಿಮಾನ ಇಳಿದ ಕೂಡಲೇ ಆ ಜಾಗ್ರತೆ ಎಲ್ಲಿ ಹೋಗುತ್ತದೆ? ಕಪ್ಪು ಬೋರ್ಡಿನ ಕಾರಿಗೆ ದಿನಕ್ಕೆ ಕೆಲವು ನೂರು ರೂಪಾಯಿ ಹೆಚ್ಚಾದೀತು. ರಜೆ ಮುಗಿದ ದಿನ ನೆಮ್ಮದಿಯಿಂದ ವಿಮಾನ ಹತ್ತಲು ಅದು ದೊಡ್ಡ ಖರ್ಚಲ್ಲ.